ಹಳೆಯ ಕಾರಿಗೆ ಬೇರೆ ಎಂಜಿನ್: ವೈರಿಂಗ್ ಕೆಲಸದ ನಿಜವಾದ ವೆಚ್ಚ

ವಾಹನ ದುರಸ್ತಿಯ ವ್ಯವಹಾರದಲ್ಲಿ ಕೈಗೆ ಸಿಗುವ, ಕಣ್ಣಿಗೆ ಕಾಣುವ ವಸ್ತುಗಳಿಗೆ ಬೆಲೆ ಕಟ್ಟುವುದು ಸುಲಭ. ಗುಜರಿ ಅಂಗಡಿಯ ಎಂಜಿನ್‌ಗೆ ಒಂದು ದರವಿದೆ, ಗಿಯರ್ ಬಾಕ್ಸ್‌ಗೆ ಒಂದು ದರವಿದೆ, ರೇಡಿಯೇಟರ್‌ಗೆ ಮತ್ತೊಂದು. ಆದರೆ ಆ ಎಂಜಿನ್ ಹಳೆಯ ಕಾರಿನೊಳಗೆ ಕುಳಿತ ಮೇಲೆ ಅದನ್ನು ಬ್ಯಾಟರಿ, ಬೀಗದ ಕೈ, ಪೆಟ್ರೋಲ್ ಪಂಪು ಮತ್ತು ಮೀಟರ್‌ಗಳೊಂದಿಗೆ ಜೋಡಿಸುವ ತಂತಿಯ ಕೆಲಸಕ್ಕೆ ಮಾತ್ರ ನಮ್ಮ ಸಣ್ಣ ಗ್ಯಾರೇಜುಗಳಲ್ಲಿ ಇಂದಿಗೂ ಬಾಯಿಮಾತಿನ ಒಂದು ಒಟ್ಟು ಮೊತ್ತವನ್ನು ಹೇಳಿ ಕೈತೊಳೆದುಕೊಳ್ಳುವ ರೂಢಿ ಇದೆ. ಎಂಜಿನ್ ಬದಲಾವಣೆಯ ಕೆಲಸದಲ್ಲಿ ಲಾಭ ನಷ್ಟಗಳು ತೀರ್ಮಾನವಾಗುವುದು ಇದೇ ಜಾಗದಲ್ಲಿ. ಅಷ್ಟೇ ಅಲ್ಲ, ಆ ಕಾರು ಒಂದು ದಿನ ಬೆಂಕಿಗೆ ತುತ್ತಾಗುತ್ತದೆಯೋ ಇಲ್ಲವೋ ಎಂಬುದೂ ಬಹುಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ.

ಗ್ಯಾರೇಜು ನಡೆಸುವವರು, ಬಿಡಿಭಾಗಗಳ ವರ್ತಕರು, ಹಳೆಯ ವಾಹನಗಳನ್ನು ಬಿಡಿಸಿ ಮಾರುವವರು ಮತ್ತು ಕೇಬಲ್, ಟರ್ಮಿನಲ್‌ಗಳನ್ನು ತಯಾರಿಸುವ ಕಿರು ಉದ್ದಿಮೆದಾರರು ನಮ್ಮ ಸದಸ್ಯರಲ್ಲಿ ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಅವರೆಲ್ಲರಿಗೂ ಉಪಯೋಗವಾಗಬಹುದೆಂಬ ಉದ್ದೇಶದಿಂದ ಒಂದು ನಿರ್ದಿಷ್ಟ ಕೆಲಸವನ್ನು ಆಯ್ದುಕೊಂಡು ಅದರ ತಾಂತ್ರಿಕ ಹಾಗೂ ಆರ್ಥಿಕ ಮುಖಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಲೇಖಕನು ಮೆಕ್ಯಾನಿಕ್ ಅಲ್ಲ. ಆದರೆ ಮೆಕ್ಯಾನಿಕ್‌ಗಳ ಜಾಬ್ ಕಾರ್ಡುಗಳನ್ನು ಓದುವುದು ಅವನ ವೃತ್ತಿಯ ಒಂದು ಭಾಗವಾಗಿದೆ.

ಝೆನ್ ಕಾರು, ಎಸ್ಟೀಮ್ ಎಂಜಿನ್

ಮಾರುತಿ ಝೆನ್ 1993ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಎಂಜಿನ್ 993 ಸಿ.ಸಿ.ಯದು, ಮೊದಲ ವರ್ಷಗಳಲ್ಲಿ ಕಾರ್ಬುರೇಟರ್ ಹೊಂದಿದ್ದು, ಶಕ್ತಿ ಸುಮಾರು 50 ಅಶ್ವಶಕ್ತಿ. ಮರುವರ್ಷ ಬಂದ ಎಸ್ಟೀಮ್ ಕಾರಿನ ಎಂಜಿನ್ 1298 ಸಿ.ಸಿ.ಯದು. ಮುಂದೆ ಇದೇ ಎಂಜಿನ್ ಹದಿನಾರು ವಾಲ್ವ್ ಮತ್ತು ಎಂಪಿಎಫ್‌ಐ ಇಂಧನ ವ್ಯವಸ್ಥೆಯೊಡನೆ ಸುಮಾರು 85 ಅಶ್ವಶಕ್ತಿಗೆ ಏರಿತು. ಎರಡೂ ಸುಜುಕಿ ಕಂಪನಿಯ ಜಿ ಶ್ರೇಣಿಗೆ ಸೇರಿದ ನಾಲ್ಕು ಸಿಲಿಂಡರಿನ ಎಂಜಿನ್‌ಗಳು. ಆದಕಾರಣ ಹಗುರವಾದ ಝೆನ್ ಕಾರಿಗೆ ಎಸ್ಟೀಮ್ ಎಂಜಿನ್ ಕೂಡಿಸುವ ಆಲೋಚನೆ ಮೋಟಾರು ಕ್ರೀಡೆಯ ಆಸಕ್ತರಿಗೆ ಬಹಳ ಹಿಂದೆಯೇ ಹೊಳೆದಿತ್ತು. ಮೂರು ಸಿಲಿಂಡರಿನ ಮಾರುತಿ 800ಕ್ಕೆ ಇದನ್ನೇ ಮಾಡಹೊರಟರೆ ಎಂಜಿನ್ ಕೂರಿಸುವ ಜಾಗವನ್ನೇ ಬದಲಾಯಿಸಬೇಕಾಗುತ್ತದೆ. ಝೆನ್‌ನಲ್ಲಿ ಆ ತೊಂದರೆ ಕಡಿಮೆ.

ಹೀಗೆ ಎಂಜಿನ್ ಸುಲಭವಾಗಿ ಕುಳಿತುಬಿಡುವುದೇ ಗ್ಯಾರೇಜಿನವರನ್ನು ದಾರಿ ತಪ್ಪಿಸುವ ಸಂಗತಿ. ಕ್ರೇನಿನಿಂದ ಇಳಿಸಿ, ಬೋಲ್ಟ್ ಬಿಗಿದು, ಸಂಜೆಯ ವೇಳೆಗೆ ಬಾನೆಟ್ ಮುಚ್ಚಿದಾಗ ಮುಕ್ಕಾಲು ಕೆಲಸ ಮುಗಿಯಿತೆಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಮುಗಿದಿರುವುದು ಕಾಲು ಭಾಗ ಮಾತ್ರ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಯ್ದೆ

ತಂತಿಯ ವಿಷಯಕ್ಕೆ ಹೋಗುವ ಮೊದಲು ಕಾನೂನಿನ ಸ್ಥಿತಿಯನ್ನು ಸ್ಪಷ್ಟಪಡಿಸುವುದು ಅವಶ್ಯಕ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ತನ್ನ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದ ಬೇರೆ ಇಂಧನಗಳ ಪರಿವರ್ತನಾ ಕಿಟ್‌ಗಳಿಗೆ ಷರತ್ತುಬದ್ಧ ವಿನಾಯಿತಿ ಇದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು, ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ, ಈ ಸೆಕ್ಷನ್ನಿನ ಅರ್ಥವನ್ನು ಬಿಗಿಯಾಗಿಯೇ ನಿರೂಪಿಸಿತು. ತಯಾರಕರ ಮೂಲ ವಿವರಗಳನ್ನು ಬದಲಿಸುವಂತಹ ಮಾರ್ಪಾಡಿಗೆ ಅವಕಾಶವಿಲ್ಲವೆಂಬುದು ಅದರ ತಿರುಳು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಿಂದ ಸೇರ್ಪಡೆಯಾದ 182ಎ ಸೆಕ್ಷನ್ನಿನ ನಾಲ್ಕನೆಯ ಉಪವಿಧಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ಆದ್ದರಿಂದ ರಸ್ತೆಯ ಮೇಲೆ ಓಡುವ ಝೆನ್ ಕಾರಿಗೆ ಎಸ್ಟೀಮ್ ಎಂಜಿನ್ ಹಾಕಿಕೊಡುವ ಕೆಲಸವನ್ನು ಗ್ಯಾರೇಜಿನವರು ಒಪ್ಪಿಕೊಳ್ಳಬಾರದು. ಕೆಟ್ಟುಹೋದ ಎಂಜಿನ್‌ಗೆ ಬದಲಾಗಿ ಅದೇ ತಯಾರಕರ, ಅದೇ ಮಾದರಿಯ ಎಂಜಿನ್ ಹಾಕುವ ಪ್ರಸಂಗವೇ ಬೇರೆ. ಅದಕ್ಕೂ ಆರ್‌ಟಿಒ ಕಚೇರಿಯ ಒಪ್ಪಿಗೆ ಪಡೆದು, ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆಯನ್ನು ತಿದ್ದಿಸಿಕೊಳ್ಳಬೇಕಾಗುತ್ತದೆ. ಎಂಜಿನ್ ಮಾರಿದವರ ಬಿಲ್ಲಿನಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಎಂಜಿನ್ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರಿಸಲು ಮಾಲೀಕನ ಬಳಿ ಏನೂ ಇರುವುದಿಲ್ಲ. ಗುಜರಿ ವ್ಯಾಪಾರಿಗಳು ಇದನ್ನು ಗಮನಿಸಬೇಕು.

ವಿಮೆಯ ಲೆಕ್ಕವೂ ಇದಕ್ಕೆ ಹೊಂದಿಕೊಂಡೇ ಇದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಮೂರನೆಯ ವ್ಯಕ್ತಿ ವಿಮೆಯ ದರಪಟ್ಟಿಯಲ್ಲಿ 1000 ಸಿ.ಸಿ. ಮೀರದ ಖಾಸಗಿ ಕಾರಿಗೆ ವಾರ್ಷಿಕ ರೂ. 2,094 ಮತ್ತು 1000ದಿಂದ 1500 ಸಿ.ಸಿ.ವರೆಗಿನ ಕಾರಿಗೆ ರೂ. 3,416 ಎಂದು ನಿಗದಿಯಾಯಿತು. ಝೆನ್ ಎಂಜಿನ್ ಮೊದಲ ವರ್ಗದ್ದು, ಎಸ್ಟೀಮ್ ಎಂಜಿನ್ ಎರಡನೆಯ ವರ್ಗದ್ದು. ಎಂಜಿನ್ ಬದಲಿಸಿ, ಹಳೆಯ ಪಾಲಿಸಿಯನ್ನೇ ಮುಂದುವರಿಸಿದವನು ಪ್ರೀಮಿಯಂನ ವ್ಯತ್ಯಾಸವಾದ ರೂ. 1,322 ಉಳಿಸಿದೆನೆಂದು ಭಾವಿಸಬಹುದು. ಆದರೆ ವಿಮೆಯು ಪರಸ್ಪರ ಪೂರ್ಣ ವಿಶ್ವಾಸದ ಮೇಲೆ ನಿಂತ ಒಪ್ಪಂದವಾದ್ದರಿಂದ, ಮುಚ್ಚಿಟ್ಟ ಮುಖ್ಯ ಸಂಗತಿಯೊಂದು ಹೊರಬಿದ್ದರೆ ಪೂರ್ತಿ ಕ್ಲೇಮೇ ತಿರಸ್ಕೃತವಾಗುವ ಸಂಭವವಿದೆ.

ಈ ಲೇಖನದಲ್ಲಿ ಪರಿಶೀಲಿಸುತ್ತಿರುವ ಕಾರು ಆಟೋಕ್ರಾಸ್ ಸ್ಪರ್ಧೆಯದು. ಮುಚ್ಚಿದ ಮೈದಾನದಲ್ಲಿ ಮಾತ್ರ ಓಡುವಂಥದ್ದು. ಅಲ್ಲಿಗೂ ಲಾರಿಯ ಮೇಲೆ ಏರಿಸಿಯೇ ಒಯ್ಯುತ್ತಾರೆ. ನೆಲಕ್ಕಿಳಿದು ರಸ್ತೆ ಸೇರುವಂತಿಲ್ಲವೆಂದು ಗ್ರಾಹಕರಿಂದ ಬರೆಸಿಕೊಂಡು ಗ್ಯಾರೇಜಿನವರು ಕೆಲಸ ಹಿಡಿದಿದ್ದರು. ಇಷ್ಟು ಜಾಗರೂಕತೆ ಕಾಗದದಲ್ಲಿ ಇದ್ದದ್ದು ಅಂದಾಜು ಪಟ್ಟಿಯಲ್ಲಿ ಇರಲಿಲ್ಲ.

ಕಾರ್ಬುರೇಟರ್ ಕಾರಿಗೆ ಇಂಜೆಕ್ಷನ್ ಎಂಜಿನ್ ಬಂದಾಗ

ಕಾರ್ಬುರೇಟರ್ ಎಂಜಿನ್ ಓಡಲು ಬೇಕಾದ ತಂತಿಗಳನ್ನು ಬೆರಳ ಮೇಲೆ ಎಣಿಸಬಹುದು. ಇಗ್ನಿಷನ್ ಕಾಯಿಲ್‌ಗೆ ಒಂದು, ಸ್ಟಾರ್ಟರ್‌ಗೆ ಎರಡು, ಆಲ್ಟರ್ನೇಟರ್‌ಗೆ ಎರಡು ಮೂರು, ತಾಪ ಮತ್ತು ಆಯಿಲ್ ಒತ್ತಡದ ಮೀಟರ್‌ಗಳಿಗೆ ಒಂದೊಂದು. ಪೆಟ್ರೋಲ್ ಪಂಪು ಸಾಮಾನ್ಯವಾಗಿ ಎಂಜಿನ್‌ನಿಂದಲೇ ತಿರುಗುವಂಥದ್ದು. ಅದಕ್ಕೆ ತಂತಿಯೇ ಬೇಡ.

ಎಂಪಿಎಫ್‌ಐ ಎಂಜಿನ್‌ನ ಮಾತು ಹಾಗಲ್ಲ. ಇಸಿಎಂ ಎಂದು ಕರೆಯುವ ವಿದ್ಯುನ್ಮಾನ ನಿಯಂತ್ರಕ ಪೆಟ್ಟಿಗೆಯು ಅದರ ಮೆದುಳು. ಗಾಳಿಯ ಒತ್ತಡ, ಗಾಳಿಯ ಉಷ್ಣತೆ, ನೀರಿನ ಉಷ್ಣತೆ, ಥ್ರಾಟಲ್ ತೆರೆದಿರುವ ಪ್ರಮಾಣ, ಕ್ಯಾಮ್ ತಿರುಗುವ ಸ್ಥಾನ, ಹೊಗೆಯಲ್ಲಿರುವ ಆಮ್ಲಜನಕ, ವಾಹನದ ವೇಗ ಹೀಗೆ ಹಲವು ಸೆನ್ಸರ್‌ಗಳಿಂದ ಅದಕ್ಕೆ ಸಂದೇಶ ಬರಬೇಕು. ಅದರಿಂದ ನಾಲ್ಕು ಇಂಜೆಕ್ಟರ್‌ಗಳಿಗೆ, ಕಾಯಿಲ್‌ಗಳಿಗೆ, ಐಡಲ್ ವಾಲ್ವಿಗೆ, ಪಂಪಿನ ರಿಲೇಗೆ ಆಜ್ಞೆ ಹೋಗಬೇಕು. ಇವೆಲ್ಲ ಸೇರಿ ಹಲವು ಡಜನ್ ತಂತಿಗಳಾಗುತ್ತವೆ. ಪ್ರತಿಯೊಂದು ತಂತಿಗೂ ಎರಡು ತುದಿ, ಪ್ರತಿಯೊಂದು ತುದಿಗೂ ಕಪ್ಲರ್‌ನಲ್ಲಿ ಒಂದು ಗೊತ್ತಾದ ಕಿಂಡಿ.

ಇಷ್ಟಾದರೂ ಎಂಜಿನ್ ಕಡೆಯ ವೈರಿಂಗ್ ಅಷ್ಟು ಕಠಿಣವಲ್ಲವೆಂದು ಬಲ್ಲವರ ಅಭಿಪ್ರಾಯ. ಏಕೆಂದರೆ ಅದನ್ನು ಕಾರ್ಖಾನೆಯವರು ಜೋಡಿಸಿಯೇ ಕಳಿಸಿರುತ್ತಾರೆ. ತೊಂದರೆ ಹುಟ್ಟುವುದು ಎರಡು ಕಾರುಗಳ ವೈರಿಂಗ್ ಸಂಧಿಸುವ ಸ್ಥಳದಲ್ಲಿ. ಅಲ್ಲಿ ಕೂಡಿಸಬೇಕಾದ ತಂತಿಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿರಲಾರವು. ಆದರೂ ಅಲ್ಲಿನ ಒಂದೊಂದು ತಂತಿಗೂ ವಿಚಾರ ಮಾಡಬೇಕಾಗುತ್ತದೆ.

ಇಸಿಎಂಗೆ ಬರುವ ವಿದ್ಯುತ್ತನ್ನೇ ತೆಗೆದುಕೊಳ್ಳೋಣ. ಅದಕ್ಕೆ ಬ್ಯಾಟರಿಯಿಂದ ಸದಾ ಇರುವ ಒಂದು ಸಂಪರ್ಕ, ಬೀಗದ ಕೈ ತಿರುಗಿಸಿದಾಗ ಬರುವ ಇನ್ನೊಂದು ಸಂಪರ್ಕ, ಮುಖ್ಯ ರಿಲೇ ಮೂಲಕ ಬರುವ ಮತ್ತೊಂದು ಸಂಪರ್ಕ ಬೇಕು. ಹಳೆಯ ಕಾರಿನ ಇಗ್ನಿಷನ್ ಸ್ವಿಚ್‌ನಿಂದ ಹೊರಡುವ ಕೆಲವು ತಂತಿಗಳು ಸ್ಟಾರ್ಟರ್ ತಿರುಗುವ ಆ ಎರಡು ಮೂರು ಸೆಕೆಂಡು ತಣ್ಣಗಾಗುತ್ತವೆ. ರೇಡಿಯೋ, ಬ್ಲೋವರ್‌ಗಳ ಭಾರ ಬ್ಯಾಟರಿಯ ಮೇಲೆ ಬೀಳದಿರಲೆಂದು ತಯಾರಕರು ಮಾಡಿದ ಏರ್ಪಾಡು ಇದು. ಟೆಸ್ಟ್ ಲ್ಯಾಂಪ್ ಹಿಡಿದು ಬೀಗದ ಕೈ ಆನ್ ಮಾಡಿದರೆ ಅಂಥ ತಂತಿಯಲ್ಲೂ ದೀಪ ಹೊತ್ತುತ್ತದೆ. ಅದಕ್ಕೆ ಇಸಿಎಂ ಜೋಡಿಸಿದರೆ ಕಾರು ಸ್ಟಾರ್ಟರ್ ತಿರುಗುವಾಗ ಸತ್ತಂತಿದ್ದು, ಕೈ ಬಿಟ್ಟ ಕ್ಷಣ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಎಂಜಿನ್‌ನಲ್ಲೇ ದೋಷವಿದೆಯೆಂದು ಭಾವಿಸಿ ಪ್ಲಗ್, ಇಂಜೆಕ್ಟರ್, ಟೈಮಿಂಗ್ ಬೆಲ್ಟ್ ಎಲ್ಲವನ್ನೂ ಬಿಚ್ಚಿ ನೋಡುವವರಿದ್ದಾರೆ. ದೀಪ ಹಿಡಿದು ಪರೀಕ್ಷಿಸುವಾಗ ಸ್ಟಾರ್ಟರನ್ನೂ ತಿರುಗಿಸಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

ಮೀಟರ್‌ಗಳ ವಿಷಯವೂ ಸೂಕ್ಷ್ಮವಾದುದು. ಡ್ಯಾಶ್‌ಬೋರ್ಡಿನ ತಾಪದ ಮುಳ್ಳಿಗೆ ಸಂದೇಶ ಕೊಡುವ ಸೆನ್ಸರ್ ಬೇರೆ, ಇಸಿಎಂಗೆ ಕೊಡುವ ಸೆನ್ಸರ್ ಬೇರೆ. ಹಳೆಯ ಮೀಟರಿಗೆ ಹಳೆಯ ಸೆನ್ಸರನ್ನೇ ಉಳಿಸಿಕೊಳ್ಳಬೇಕು. ಒಂದೇ ಸೆನ್ಸರಿನಿಂದ ಎರಡಕ್ಕೂ ತಂತಿ ಎಳೆದರೆ ಇಬ್ಬರಿಗೂ ಸುಳ್ಳು ಲೆಕ್ಕ ಹೋಗುತ್ತದೆ. ಝೆನ್‌ನ ಹಳೆಯ ಸ್ಪೀಡೋಮೀಟರ್ ಕೇಬಲ್‌ನಿಂದ ತಿರುಗುವಂಥದ್ದು. ಇಸಿಎಂ ಬಯಸುವುದು ವಿದ್ಯುತ್ ಸಂದೇಶವನ್ನು. ಇನ್ನು ಮಾರುತಿಯ ಹಲವು ಕಾರುಗಳಲ್ಲಿ ಐಕ್ಯಾಟ್ಸ್ ಎಂಬ ಕಳವು ನಿರೋಧಕ ವ್ಯವಸ್ಥೆ ಇದ್ದಿತು. ಆ ಕಾಲದ ಇಸಿಎಂ ಕೊಳ್ಳುವವರು ಅದರೊಂದಿಗೆ ಐಕ್ಯಾಟ್ಸ್ ಪೆಟ್ಟಿಗೆ ಮತ್ತು ಅದೇ ಕಾರಿನ ಬೀಗದ ಕೈ ಮೂರನ್ನೂ ಒಟ್ಟಿಗೆ ಪಡೆಯದಿದ್ದರೆ ಕೊಂಡದ್ದು ಬರಿಯ ಲೋಹದ ಡಬ್ಬಿಯಾಗುತ್ತದೆ.

ಪಂಪು, ಫ್ಯೂಸು ಮತ್ತು ಬೆಂಕಿ

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಪೆಟ್ರೋಲ್ ಪಂಪಿನ ತಂತಿಗೆ. ಇಂಜೆಕ್ಷನ್ ವ್ಯವಸ್ಥೆಯಲ್ಲಿ ವಿದ್ಯುತ್ ಪಂಪು ಸುಮಾರು ಎರಡೂವರೆಯಿಂದ ಮೂರು ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಬೀಗದ ಕೈ ಆನ್ ಮಾಡಿದಾಗ ಇಸಿಎಂ ಈ ಪಂಪನ್ನು ಎರಡು ಮೂರು ಸೆಕೆಂಡು ಓಡಿಸಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆಯೆಂಬ ಸಂದೇಶ ಬಂದರೆ ಮಾತ್ರ ಪುನಃ ಓಡಿಸುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತು, ಪೈಪು ಕಿತ್ತುಹೋಗಿ, ಬೀಗದ ಕೈ ಆನ್‌ನಲ್ಲೇ ಉಳಿದರೂ ಪಂಪು ನಿಲ್ಲುತ್ತದೆ. ಇದು ಜೀವರಕ್ಷಣೆಯ ಏರ್ಪಾಡು.

ರಿಲೇಯ ತಂತಿ ಯಾವುದೆಂದು ಗುರುತು ಹಚ್ಚಲು ಬೇಸರಪಟ್ಟು ಪಂಪಿಗೆ ನೇರವಾಗಿ ಇಗ್ನಿಷನ್ ಸ್ವಿಚ್‌ನಿಂದಲೇ ವಿದ್ಯುತ್ ಕೊಟ್ಟುಬಿಡುವ ಪದ್ಧತಿ ನಮ್ಮಲ್ಲಿ ಇದೆ. ಕಾರು ಚೆನ್ನಾಗಿಯೇ ಓಡುತ್ತದೆ. ಗ್ರಾಹಕನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಮಗುಚಿಬಿದ್ದ ಕಾರಿನಲ್ಲಿ ಆ ಪಂಪು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ. ಒಂದು ಗಂಟೆಯ ಕೂಲಿ ಉಳಿಸುವ ಇಂಥ ಕೆಲಸವನ್ನು ಯಾವ ಗ್ಯಾರೇಜಿನವರೂ ಮಾಡಕೂಡದು.

ತಂತಿಯ ದಪ್ಪದ ಬಗ್ಗೆ ಒಂದು ಸಣ್ಣ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬಹುದು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರ್ ಒಂದಕ್ಕೆ ಸುಮಾರು 0.0175 ಓಮ್ ಪ್ರತಿರೋಧವಿದೆ. ಎಂಜಿನ್ ಕೋಣೆಯಿಂದ ಹಿಂದಿನ ಟ್ಯಾಂಕಿನವರೆಗೆ ತಂತಿಯ ದಾರಿ ನಾಲ್ಕು ಮೀಟರ್, ಪಂಪು ಎಳೆಯುವ ಕರೆಂಟು 5 ಆಂಪಿಯರ್ ಎಂದಿಟ್ಟುಕೊಳ್ಳೋಣ. ಅರ್ಧ ಚದರ ಮಿಲಿಮೀಟರಿನ ತಂತಿ ಎಳೆದರೆ ಪ್ರತಿರೋಧ 0.14 ಓಮ್ ಆಗಿ, ದಾರಿಯಲ್ಲೇ 0.7 ವೋಲ್ಟ್ ಸೋರಿಹೋಗುತ್ತದೆ. ಅರ್ತ್ ತಂತಿಯೂ ಅಷ್ಟೇ ಉದ್ದ, ಅಷ್ಟೇ ತೆಳುವಾಗಿದ್ದರೆ ಒಟ್ಟು 1.4 ವೋಲ್ಟ್, ಅಂದರೆ 12 ವೋಲ್ಟಿನಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು. ಪಂಪು ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ, ಎಂಜಿನ್ ಏರುವೇಗದಲ್ಲಿ ಪೆಟ್ರೋಲ್ ಸಾಲದೆ ತಡವರಿಸುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ ಇದೇ ನಷ್ಟ ಒಂದು ದಾರಿಗೆ 0.14 ವೋಲ್ಟ್ ಮಾತ್ರ.

ಫ್ಯೂಸಿನ ವಿಷಯದಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಫ್ಯೂಸು ಇರುವುದು ಪಂಪನ್ನೋ ದೀಪವನ್ನೋ ರಕ್ಷಿಸಲು ಎಂದು ಅನೇಕರು ಭಾವಿಸಿದ್ದಾರೆ. ಅದು ಮೊದಲಾಗಿ ರಕ್ಷಿಸುವುದು ತಂತಿಯನ್ನು. ತೆಳು ತಂತಿಯ ಹಿಂದೆ 30 ಆಂಪಿಯರಿನ ಫ್ಯೂಸು ಹಾಕಿದರೆ ಷಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ತಂತಿಯೇ ಕರಗಿ ಉರಿಯುತ್ತದೆ. ಫ್ಯೂಸಿನ ಸ್ಥಾನವೂ ಬ್ಯಾಟರಿಗೆ ಹತ್ತಿರವಿರಬೇಕು. ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ. ತಗಡಿನ ಗೋಡೆಯ ರಂಧ್ರದಲ್ಲಿ ತಂತಿ ಹಾಯುವಾಗ ರಬ್ಬರ್ ಬುಷ್ ಇಲ್ಲದೆ ಬಿಟ್ಟರೆ ವರ್ಷದೊಳಗೆ ಹೊದಿಕೆ ಸವೆದು ತಾಮ್ರ ಹೊರಬರುತ್ತದೆ. ಕೆಲವೇ ರೂಪಾಯಿಯ ವಸ್ತು ಅದು.

ಮೂರು ದಿನದ ಅಂದಾಜು, ಹನ್ನೊಂದು ದಿನದ ಕೆಲಸ

ಈಗ ಲೆಕ್ಕಕ್ಕೆ ಬರೋಣ. ಹುಬ್ಬಳ್ಳಿಯ ಒಂದು ಸಣ್ಣ ಗ್ಯಾರೇಜಿನವರು, ಇಬ್ಬರು ಕೆಲಸಗಾರರೊಡನೆ ಆಟೋ ಎಲೆಕ್ಟ್ರಿಕಲ್ ಕೆಲಸ ನಡೆಸುವವರು, ಮೇಲೆ ಹೇಳಿದ ಝೆನ್ ಕಾರಿನ ವೈರಿಂಗನ್ನು ಸಾಮಗ್ರಿ ಸೇರಿ ರೂ. 15,000ಕ್ಕೆ ಒಪ್ಪಿಕೊಂಡಿದ್ದರು. ಬಾಡಿಗೆ, ಕೂಲಿ, ವಿದ್ಯುತ್ ಎಲ್ಲ ಸೇರಿ ಅವರ ಗ್ಯಾರೇಜಿನ ದಿನದ ಖರ್ಚು ರೂ. 2,400. ಮೂರು ದಿನದ ಕೆಲಸ, ಮೂರು ಸಾವಿರದ ಸಾಮಗ್ರಿ ಎಂದು ಅಂದಾಜು ಮಾಡಿದ್ದರು. ಆ ಪ್ರಕಾರ ರೂ. 10,200 ವೆಚ್ಚ ಕಳೆದು ರೂ. 4,800 ಉಳಿಯಬೇಕಿತ್ತು.

ಕೆಲಸ ಹಿಡಿದದ್ದು ಹನ್ನೊಂದು ದಿನ. ಜಾಬ್ ಕಾರ್ಡಿನ ಹಿಂಬದಿಯಲ್ಲಿ ದಿನವಾರು ಬರೆದಿಟ್ಟಿದ್ದರಿಂದ ಎಲ್ಲಿ ಹೋಯಿತೆಂದು ಹೇಳಲು ಸಾಧ್ಯವಾಯಿತು. ಕತ್ತರಿಸಿದ ತಂತಿಗಳನ್ನು ಗುರುತು ಹಚ್ಚಲು ಮೂರು ದಿನ. ಸಿಗದ ಕಪ್ಲರ್‌ಗಳಿಗಾಗಿ ಮಾರುಕಟ್ಟೆ ಅಲೆದಾಟ ಒಂದು ದಿನ. ಝೆನ್‌ನ ಕಡೆಯ ತಂತಿಗಳನ್ನು ಹುಡುಕಲು ಒಂದು ದಿನ. ಜೋಡಣೆ ಮತ್ತು ದಾರಿ ಮಾಡುವುದು ಮೂರು ದಿನ. ಸ್ಟಾರ್ಟ್ ಆಗದ ದೋಷ ಹುಡುಕಲು ಎರಡು ದಿನ. ಟೇಪು, ಸ್ಲೀವು ಸುತ್ತಿ ಮುಗಿಸಲು ಒಂದು ದಿನ. ಹನ್ನೊಂದು ದಿನಕ್ಕೆ ರೂ. 26,400 ಮತ್ತು ಸಾಮಗ್ರಿ ರೂ. 3,100, ಒಟ್ಟು ರೂ. 29,500. ಬಂದದ್ದು ರೂ. 15,000. ನಷ್ಟ ರೂ. 14,500. ಇಬ್ಬರು ಕೆಲಸಗಾರರ ಗ್ಯಾರೇಜಿಗೆ ಇದು ಒಂದು ತಿಂಗಳ ಮನೆಖರ್ಚಿನ ಮಾತು. ಇದೇ ಅವಧಿಯಲ್ಲಿ ಬಾಗಿಲಿಗೆ ಬಂದು ಹಿಂದಿರುಗಿದ ಸೆಲ್ಫ್, ಡೈನಮೋ, ಹಾರನ್ ಕೆಲಸಗಳ ನಷ್ಟ ಇದರಲ್ಲಿ ಸೇರಿಲ್ಲ.

ಗ್ಯಾರೇಜಿನ ಮಾಲೀಕರು ಹೇಳಿದ ಮಾತು ಹೀಗಿತ್ತು: "ಎಂಜಿನ್ ಇಡೂದು ಒಂದ ದಿನದ ಕೆಲಸರೀ ಸಾಹೇಬ್ರ, ಅದಕ್ಕ ವೈರ್ ಜೋಡ್ಸೂದು ಯಾವಾಗ ಮುಗೀತದ ಅಂತ ಹೇಳಾಕ ಬರಂಗಿಲ್ಲ." ಅವರ ಅನುಭವ ದೊಡ್ಡದು, ಆದರೂ ಈ ಮಾತನ್ನು ಪೂರ್ತಿ ಒಪ್ಪಲಾಗದು. ಹೇಳಲು ಬರುವುದಿಲ್ಲವಾದ್ದು ಹನ್ನೊಂದು ದಿನಗಳಲ್ಲಿ ಎರಡು ದಿನದ್ದು, ದೋಷ ಹುಡುಕಿದ ದಿನಗಳು. ಉಳಿದ ಒಂಬತ್ತನ್ನು ಮೊದಲೇ ಅಳೆಯಬಹುದಿತ್ತು. ಅದರಲ್ಲೂ ಮೊದಲ ನಾಲ್ಕು ದಿನ ವ್ಯಯವಾದದ್ದು ಗ್ಯಾರೇಜಿನಲ್ಲಿ ಅಲ್ಲ, ಗುಜರಿ ಅಂಗಡಿಯ ಅಂಗಳದಲ್ಲಿ.

ಹಳೆಯ ಕಾರನ್ನು ಬಿಡಿಸುವವರು ಎಂಜಿನ್ ಎತ್ತುವಾಗ ಕಪ್ಲರ್‌ಗಳನ್ನು ಬಿಚ್ಚುತ್ತ ಕೂರುವುದಿಲ್ಲ. ಕಟಿಂಗ್ ಪ್ಲೈಯರ್‌ನಿಂದ ವೈರಿಂಗ್ ಕಟ್ಟನ್ನು ಕತ್ತರಿಸಿ ಎಂಜಿನ್ ಹೊರತೆಗೆಯುತ್ತಾರೆ. ಇಸಿಎಂ ಡ್ಯಾಶ್‌ಬೋರ್ಡಿನ ಕೆಳಗಿರುವುದರಿಂದ ಅದರ ಕಪ್ಲರ್ ಆ ಕಡೆ, ಸೆನ್ಸರ್‌ಗಳು ಈ ಕಡೆ. ಅಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಗ್ಯಾರೇಜಿನಲ್ಲಿ ನಾಲ್ಕು ದಿನ, ಅಂದರೆ ರೂ. 9,600 ತೆರಬೇಕಾಯಿತು. ಮುಂದಿನ ವರ್ಷ ಇದೇ ಗ್ಯಾರೇಜಿಗೆ ಇಂಥದೇ ಇನ್ನೊಂದು ಕೆಲಸ ಬಂದಾಗ, ಕತ್ತರಿಸದ ಪೂರ್ಣ ವೈರಿಂಗ್, ಇಸಿಎಂ, ರಿಲೇಗಳು ಮತ್ತು ಫ್ಯೂಸ್ ಪೆಟ್ಟಿಗೆ ಸಮೇತ ಎಂಜಿನ್ ಬೇಕೆಂದು ಕೇಳಿ, ಅದಕ್ಕೆ ರೂ. 4,000 ಹೆಚ್ಚು ಕೊಟ್ಟು ತಂದರು. ಆ ಕೆಲಸ ಐದು ದಿನಕ್ಕೆ ಮುಗಿಯಿತು.

ಈ ವ್ಯತ್ಯಾಸದಲ್ಲಿ ಒಂದು ವ್ಯಾಪಾರವಿದೆ ಎಂಬುದನ್ನು ಬೆಂಗಳೂರಿನ ಶಿವಾಜಿನಗರದ ಗುಜರಿಯವರಾಗಲಿ ನಮ್ಮ ಊರುಗಳ ಗುಜರಿಯವರಾಗಲಿ ಇನ್ನೂ ಪೂರ್ತಿ ಮನಗಂಡಂತಿಲ್ಲ. ಎಂಜಿನ್‌ನೊಂದಿಗೆ ಅದರ ವೈರಿಂಗನ್ನೂ ಬಿಚ್ಚಿ, ಚೀಟಿ ಕಟ್ಟಿ, ಒಂದು ಸೆಟ್ಟಾಗಿ ಮಾರಿದರೆ ತೂಕಕ್ಕೆ ಹೋಗುವ ತಾಮ್ರದ ಬೆಲೆಗಿಂತ ಅನೇಕ ಪಟ್ಟು ಹೆಚ್ಚು ದೊರೆಯುತ್ತದೆ. ವೈರಿಂಗ್ ಎಂಬುದು ಬಹುತೇಕ ಕೈಕೆಲಸವೇ. 1986ರಲ್ಲಿ ಜಪಾನಿನ ಸುಮಿಟೊಮೊ ಸಂಸ್ಥೆಯ ಸಹಭಾಗಿತ್ವದಲ್ಲಿ ಆರಂಭವಾದ ಮದರ್‌ಸನ್ ಸುಮಿಯಂತಹ ಬೃಹತ್ ಉದ್ಯಮ ಬೆಳೆದದ್ದು ಈ ವಸ್ತುವಿನ ಮೇಲೆಯೇ. ಯಂತ್ರಗಳು ತಂತಿ ಕತ್ತರಿಸಿ ತುದಿ ಬಿಗಿಯುತ್ತವೆಯಾದರೂ, ಉದ್ದನೆಯ ಹಲಗೆಯ ಮೇಲೆ ತಂತಿಗಳನ್ನು ಒಂದೊಂದಾಗಿ ಹಾಸಿ ಕಟ್ಟುವುದು ಇಂದಿಗೂ ಮನುಷ್ಯರ ಕೈಗಳೇ. ಕೈಕೆಲಸದ ಮೌಲ್ಯವನ್ನು ಪ್ಲೈಯರ್‌ನಿಂದ ಕತ್ತರಿಸಿ ತೂಕಕ್ಕೆ ಹಾಕುವುದು ಲೆಕ್ಕಿಗನ ಕಣ್ಣಿಗೆ ಸಹಿಸಲಾಗದ ಸಂಗತಿ.

ದರ ಹೇಳುವ ಕ್ರಮ

ಹಾಗಾದರೆ ದರವನ್ನು ಹೇಗೆ ಹೇಳಬೇಕು? ಮೊದಲು ಪರೀಕ್ಷೆ ಮತ್ತು ನಕ್ಷೆಗೆ ಪ್ರತ್ಯೇಕ ಶುಲ್ಕ ಇಡುವುದು ಸೂಕ್ತ. ಇಸಿಎಂನ ಪ್ರತಿಯೊಂದು ಕಿಂಡಿಗೂ ಒಂದು ಸಾಲು. ಅದರಲ್ಲಿ ತಂತಿಯ ಮೈಬಣ್ಣ ಮತ್ತು ಗೆರೆಯ ಬಣ್ಣ, ಎಲ್ಲಿಗೆ ಹೋಗುತ್ತದೆ, ಮಲ್ಟಿಮೀಟರಿನಲ್ಲಿ ಪರೀಕ್ಷಿಸಿದ್ದು ಯಾವ ದಿನ ಎಂಬ ವಿವರ. ಬಣ್ಣವನ್ನು ಮಾತ್ರ ನಂಬಿ ಜೋಡಿಸಬಾರದು. ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ಕೈಗಳು ಆ ಕಾರಿನ ಬಾನೆಟ್ ತೆರೆದಿವೆಯೋ ಬಲ್ಲವರಿಲ್ಲ. ಈ ನಕ್ಷೆ ಮುಗಿದ ಮೇಲೆ ಜೋಡಣೆಗೆ ನಿಗದಿತ ಮೊತ್ತ ಹೇಳಬಹುದು. ದೋಷ ಹುಡುಕುವ ಕೆಲಸಕ್ಕೆ ದಿನದ ದರ, ಅದಕ್ಕೊಂದು ಮೇಲ್ಮಿತಿ, ಆ ಮಿತಿ ದಾಟುವ ಮೊದಲು ಗ್ರಾಹಕರಿಗೆ ದೂರವಾಣಿಯಲ್ಲಿ ತಿಳಿಸುವ ಷರತ್ತು. ಹೀಗೆ ಮಾಡಿದರೆ ಗ್ರಾಹಕ ಓಡಿಹೋಗುತ್ತಾನೆಂಬ ಭಯ ಅನೇಕರಿಗಿದೆ. ಪರೀಕ್ಷೆಗೆ ಹಣ ಕೊಡಲಾರದ ಗ್ರಾಹಕ ಹನ್ನೊಂದನೆಯ ದಿನದ ಖರ್ಚನ್ನೂ ಕೊಡಲಾರ. ಅವನು ಮೊದಲೇ ಹೋಗುವುದು ಒಳ್ಳೆಯದು.

ಜೋಡಣೆಯ ವಿಧಾನದ ಬಗ್ಗೆ ವಾದಗಳಿವೆ. ತಂತಿಗಳನ್ನು ತಿರುಚಿ ಟೇಪು ಸುತ್ತುವುದು ತಪ್ಪೆಂಬುದರಲ್ಲಿ ಮಾತ್ರ ವಾದವಿಲ್ಲ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗಿ, ಎಂಜಿನ್ ಅದಿರುವ ಕಡೆ ಅದರ ಅಂಚಿನಲ್ಲೇ ತಂತಿ ಮುರಿಯುವುದುಂಟು. ಸರಿಯಾದ ಉಪಕರಣದಿಂದ ಬಿಗಿದ ಟರ್ಮಿನಲ್ ಮತ್ತು ಅಂಟು ಇರುವ ಶಾಖದ ಸ್ಲೀವು ಎಂಜಿನ್ ಕೋಣೆಗೆ ಹೆಚ್ಚು ಒಪ್ಪುತ್ತವೆ. ಉಪಕರಣದ ಬೆಲೆ ಎರಡು ಮೂರು ಕೆಲಸಗಳಲ್ಲೇ ಹಿಂದಿರುಗುತ್ತದೆ. ಅರ್ತ್ ತಂತಿಗಳನ್ನು ಬಣ್ಣ ಕೆರೆದ ಲೋಹಕ್ಕೆ, ಸಾಧ್ಯವಾದರೆ ಎಂಜಿನ್ ಬ್ಲಾಕಿನ ಮೂಲ ಸ್ಥಾನದಲ್ಲೇ ಕಟ್ಟಬೇಕು. ಸೆನ್ಸರ್‌ಗಳು ಸಾಮಾನ್ಯವಾಗಿ 5 ವೋಲ್ಟಿನ ಲೆಕ್ಕದಲ್ಲಿ ಮಾತನಾಡುವುದರಿಂದ ಅರ್ತ್‌ನಲ್ಲಿ ಹತ್ತನೆಯ ಒಂದು ವೋಲ್ಟ್ ಏರುಪೇರಾದರೂ ಇಸಿಎಂನ ಲೆಕ್ಕ ಕೆಡುತ್ತದೆ.

ಪುಸ್ತಕದಲ್ಲಿ ಬರೆಯುವುದು ಹೇಗೆ

ತೆರಿಗೆಯ ವಿಷಯ ಸಂಕ್ಷಿಪ್ತವಾಗಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳೆಲ್ಲಕ್ಕೂ ಶೇ. 18ರ ಏಕರೂಪ ಜಿಎಸ್‌ಟಿ ದರ ಜಾರಿಗೆ ಬಂದಿತು. ಅದಕ್ಕೆ ಮೊದಲು ಅನೇಕ ಬಿಡಿಭಾಗಗಳಿಗೆ ಶೇ. 28 ಇದ್ದಿತು. ನೋಂದಾಯಿತ ಗುಜರಿ ವರ್ತಕರು ಹಳೆಯ ಸರಕಿನ ಖರೀದಿಯ ಮೇಲೆ ಹೂಡುವಳಿ ತೆರಿಗೆ ಪಡೆಯದಿದ್ದಲ್ಲಿ, ಜಿಎಸ್‌ಟಿ ನಿಯಮ 32ರ ಐದನೆಯ ಉಪನಿಯಮದಂತೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟುವ ಸೌಲಭ್ಯವಿದೆ. ಆದರೆ ಅದಕ್ಕೆ ಖರೀದಿಯ ದಾಖಲೆ ಬೇಕು. ಚೀಟಿಯಿಲ್ಲದೆ ಕೊಂಡ ಎಂಜಿನ್‌ಗೆ ವ್ಯತ್ಯಾಸವನ್ನು ಯಾವುದರಿಂದ ಕಳೆಯುವುದು?

ವರ್ತಕರು ತಮ್ಮ ಅಂಗಡಿಯ ಹೆಸರಿನಲ್ಲಿರುವ ಕಾರಿಗೆ ಎಂಜಿನ್ ಹಾಕಿಸಿದಾಗ ಆ ಬಿಲ್ಲಿನ ಹೂಡುವಳಿ ತೆರಿಗೆ ಸಿಗುವುದೆಂದು ಎಣಿಸುವುದು ಸಾಮಾನ್ಯ. ಪ್ರಯಾಣಿಕ ಕಾರುಗಳ ವಿಷಯದಲ್ಲಿ ಜಿಎಸ್‌ಟಿ ಕಾಯ್ದೆಯ 17ನೆಯ ಸೆಕ್ಷನ್ನಿನ ಐದನೆಯ ಉಪವಿಧಿಯು, ಕೆಲವು ವೃತ್ತಿಗಳನ್ನು ಬಿಟ್ಟರೆ, ಕಾರಿನ ಮೇಲಿನಂತೆಯೇ ಅದರ ದುರಸ್ತಿ ಮತ್ತು ವಿಮೆಯ ಮೇಲಿನ ತೆರಿಗೆಯನ್ನೂ ತಡೆಹಿಡಿದಿದೆ.

ಆದಾಯ ತೆರಿಗೆಯ ಲೆಕ್ಕದಲ್ಲಿ ಹಳೆಯ ಎಂಜಿನ್‌ಗೆ ಸಮಾನವಾದ ಎಂಜಿನ್ ಹಾಕಿ ಕಾರನ್ನು ಮೊದಲಿನ ಸ್ಥಿತಿಗೆ ತಂದರೆ ಅದನ್ನು ಚಾಲ್ತಿ ದುರಸ್ತಿಯೆಂದು ಖರ್ಚು ಹಾಕಲು ಆಧಾರವಿದೆ. ಇರುವ ಆಸ್ತಿಯನ್ನು ಕಾಪಾಡುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚ ಅಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಕಾರು ಇಪ್ಪತ್ತು ವರ್ಷ ದಾಟಿದ್ದರೆ ಇನ್ನೊಂದು ಖರ್ಚನ್ನೂ ಸೇರಿಸಿಕೊಳ್ಳಬೇಕು: ನೋಂದಣಿ ನವೀಕರಣದ ಶುಲ್ಕವು 2022ರ ಏಪ್ರಿಲ್‌ನಿಂದ ರೂ. 5,000 ಇದ್ದದ್ದು, 2025ರ ಆಗಸ್ಟ್‌ನ ತಿದ್ದುಪಡಿಯಿಂದ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ರೂ. 10,000 ಆಯಿತು. ಎಂಜಿನ್ ಬದಲಾವಣೆಯ ಅಂದಾಜು ಪಟ್ಟಿ ತಯಾರಿಸುವಾಗ ಗ್ರಾಹಕರಿಗೆ ಈ ಮೊತ್ತವನ್ನೂ ಮೊದಲ ದಿನವೇ ತಿಳಿಸಿ, ವೈರಿಂಗ್ ನಕ್ಷೆಯ ಒಂದು ಪ್ರತಿಯನ್ನು ಬಿಲ್ಲಿನೊಂದಿಗೆ ಕೊಟ್ಟು, ಇನ್ನೊಂದನ್ನು ಜಾಬ್ ಕಾರ್ಡಿಗೆ ಲಗತ್ತಿಸಿಡತಕ್ಕದ್ದು.